ಯುರೋಪಿಗೆ ಹೊರಡುವ ನಮ್ಮ ಗ್ರಾಹಕರಿಗೆ: ಟಿಕೆಟ್ ಮಾಡಿಸುವ ಕ್ರಮದಲ್ಲಿ ಆಗುತ್ತಿರುವ ಬದಲಾವಣೆ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಕಚೇರಿಯಲ್ಲಿ ಯುರೋಪಿನ ಟಿಕೆಟ್ ಮಾಡಿಸುವ ಕ್ರಮ ಬದಲಾಗುತ್ತದೆ. ಯುರೋಪಿನಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಮೂರು ಗಂಟೆಗಿಂತ ಕಡಿಮೆ ಬಿಡುವು ಇರುವ ಟಿಕೆಟನ್ನು ಇನ್ನು ನಾವು ಕೊಡುವುದಿಲ್ಲ. ವೀಸಾದ ಪ್ರಕಾರ ಅಲ್ಲಿರಬಹುದಾದ ಕೊನೆಯ ದಿನಕ್ಕೇ ಹಿಂತಿರುಗುವ ಟಿಕೆಟನ್ನೂ ಕೊಡುವುದಿಲ್ಲ. ಕಡಿಮೆಯೆಂದರೂ ಮೂರು ದಿನ ಮೊದಲೇ ಹೊರಡುವಂತೆ ಮಾಡಿಸುತ್ತೇವೆ. ಮೊದಲ ಸಲ ಹೋಗುವವರು ಪ್ರಯಾಣಕ್ಕೆ ಒಂದು ವಾರ ಮುಂಚೆ ಕಚೇರಿಗೆ ಬಂದು ಅರ್ಧ ಗಂಟೆ ನಮ್ಮೊಡನೆ ಕುಳಿತು ಹೋಗಬೇಕು. ಅದಕ್ಕೆ ಶುಲ್ಕವಿಲ್ಲ.

ಇದರಿಂದ ಕೆಲವರಿಗೆ ಟಿಕೆಟ್ ಸ್ವಲ್ಪ ದುಬಾರಿಯಾದೀತು, ಕೆಲವರಿಗೆ ನಿಲ್ದಾಣದಲ್ಲಿ ಕಾಯುವ ಹೊತ್ತು ಹೆಚ್ಚೀತು. ಹಾಗಾಗಿ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಕಳೆದ ಚಳಿಗಾಲದಲ್ಲಿ ನಮ್ಮ ಹಳೆಯ ಗ್ರಾಹಕರಾದ ಒಬ್ಬ ಅಡಿಕೆ ಕೃಷಿಕರು ಮತ್ತು ಅವರ ಮಡದಿ ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೊರಟರು. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರಿಗೂ ಅದು ಮೊದಲ ವಿಮಾನ ಪ್ರಯಾಣ. ಮೊದಲು ಇಳಿದ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಇದ್ದದ್ದು ಒಂದು ಗಂಟೆ ಇಪ್ಪತ್ತೈದು ನಿಮಿಷ. ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿಯೇ ಅಷ್ಟೂ ಹೊತ್ತು ಕಳೆದುಹೋಯಿತು, ವಿಮಾನ ತಪ್ಪಿತು. ಕೈಯಲ್ಲಿದ್ದ ಫೋನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಬೆಳಗಿನವರೆಗೆ ಕುರ್ಚಿಯಲ್ಲಿ ಕುಳಿತೇ ಇದ್ದರು. ಅತ್ತ ಹಸಿ ಬಾಣಂತಿ ಮಗಳು ರಾತ್ರಿಯಿಡೀ ನಿದ್ದೆಯಿಲ್ಲದೆ ನಮಗೆ ಕರೆ ಮಾಡುತ್ತಲೇ ಇದ್ದಳು. ಆ ಟಿಕೆಟ್ ಮಾಡಿಸಿಕೊಟ್ಟವರು ನಾವು. ಅಲ್ಲಿನ ಗಡಿ ತಪಾಸಣೆ ಬದಲಾಗುತ್ತಿದೆ ಎಂದು ಓದಿ ತಿಳಿದಿದ್ದೆವು. ಆದರೂ ಹಳೆಯ ಲೆಕ್ಕದಲ್ಲಿಯೇ ಸಮಯ ಹಾಕಿದೆವು. ಅವರು ಹಿಂತಿರುಗಿದ ಮೇಲೆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇವೆ.

ಬದಲಾಗಿರುವುದು ಇಷ್ಟು. ಯುರೋಪಿನ ಷೆಂಗೆನ್ ಒಕ್ಕೂಟದ (ಒಂದೇ ವೀಸಾದಲ್ಲಿ ಒಳಬಂದು, ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆಯಿಲ್ಲದೆ ಓಡಾಡಬಹುದಾದ ದೇಶಗಳ ಗುಂಪು) 29 ದೇಶಗಳು ತಮ್ಮ ಹೊರಗಡಿಯಲ್ಲಿ 2025ರ ಅಕ್ಟೋಬರ್ 12ರಂದು ‘ಎಂಟ್ರಿ–ಎಕ್ಸಿಟ್ ಸಿಸ್ಟಮ್’ ಎಂಬ ಗಣಕ ವ್ಯವಸ್ಥೆಯನ್ನು ಆರಂಭಿಸಿದವು. ಹಂತ ಹಂತವಾಗಿ ಎಲ್ಲ ಗಡಿಗಳಿಗೂ ಅದನ್ನು ತರಲು 2026ರ ಏಪ್ರಿಲ್ 10ನ್ನು ಗಡುವಾಗಿ ಇಟ್ಟುಕೊಂಡವು. ಇದುವರೆಗೆ ಅಧಿಕಾರಿ ಪಾಸ್‌ಪೋರ್ಟಿನ ಮೇಲೆ ಮೊಹರು ಒತ್ತುತ್ತಿದ್ದರು. ಈಗ ಮೊಹರಿನ ಜಾಗದಲ್ಲಿ ಮುಖದ ಚಿತ್ರ, ಬೆರಳಚ್ಚು, ಪಾಸ್‌ಪೋರ್ಟಿನ ವಿವರ, ಒಳಬಂದ ಮತ್ತು ಹೊರಹೋದ ದಿನ ಹಾಗೂ ಸ್ಥಳ ಎಲ್ಲವೂ ಗಣಕದಲ್ಲಿ ದಾಖಲಾಗುತ್ತವೆ. ಸಾಮಾನ್ಯವಾಗಿ ಮೂರು ವರ್ಷ ಈ ದಾಖಲೆ ಉಳಿಯುತ್ತದೆ. ಹೊರಹೋದ ದಾಖಲೆಯೇ ಇಲ್ಲದಿದ್ದರೆ ಐದು ವರ್ಷ. ಮುಖ ತೋರಿಸಲು ಅಥವಾ ಬೆರಳು ಇಡಲು ಒಪ್ಪದವರಿಗೆ ಒಳಗೆ ಪ್ರವೇಶವಿಲ್ಲ.

ಗಲ್ಫಿನಲ್ಲಿ ದುಡಿದು ಬಂದವರು ನಮ್ಮಲ್ಲಿ ಮನೆಗೊಬ್ಬರಂತೆ ಇದ್ದಾರೆ. ದುಬೈಯಲ್ಲಿ ಕಣ್ಣಿನ ಸ್ಕ್ಯಾನ್ ಮಾಡಿಸಿಕೊಂಡ ಅವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಕಾಣಿಸದು. ನಿಜಕ್ಕೂ ಹೆದರುವಂಥದ್ದು ಇಲ್ಲ. ಭಾರತೀಯರಾದ ನಮಗೆ ಷೆಂಗೆನ್ ವೀಸಾ ಬೇಕು, ವೀಸಾಕ್ಕೆ ಅರ್ಜಿ ಹಾಕುವಾಗಲೇ ಹತ್ತು ಬೆರಳಿನ ಅಚ್ಚು ತೆಗೆದಿರುತ್ತಾರೆ. ಆದ್ದರಿಂದ ಅಲ್ಪಾವಧಿ ವೀಸಾದಲ್ಲಿ ಹೋಗುವವರ ಬೆರಳಚ್ಚನ್ನು ಹೊಸ ವ್ಯವಸ್ಥೆ ಮತ್ತೊಮ್ಮೆ ಸಂಗ್ರಹಿಸಿಡುವುದಿಲ್ಲ. ಮುಖದ ಚಿತ್ರ ತೆಗೆಯುತ್ತಾರೆ. ಆದರೆ ವೀಸಾ ಪಡೆದವರು ನೀವೇ ಹೌದೇ ಎಂದು ತಾಳೆ ನೋಡಲು ಬೆರಳು ಇಡಲು ಹೇಳಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಗಡಿಯಲ್ಲಿ ಮುಖದ ಚಿತ್ರ ಮಾತ್ರ. ಒಬ್ಬೊಬ್ಬರಿಗೆ ತಗಲುವುದು ಕೆಲವೇ ನಿಮಿಷ. ಆದರೆ ಒಂದೇ ಹೊತ್ತಿಗೆ ಮೂರು ನಾಲ್ಕು ದೊಡ್ಡ ವಿಮಾನಗಳು ಇಳಿದಾಗ ಆ ನಿಮಿಷಗಳೆಲ್ಲ ಸೇರಿ ಸಾಲು ಬೆಳೆಯುತ್ತದೆ. ಹಿಂತಿರುಗುವಾಗಲೂ ತಪಾಸಣೆ ಇದ್ದೇ ಇದೆ.

ಮೂರು ಗಂಟೆಯ ನಿಯಮ ಬಂದದ್ದು ಹೀಗೆ. ಸಾಧ್ಯವಿದ್ದಲ್ಲಿ ಇನ್ನೊಂದು ದಾರಿಯನ್ನೂ ಹುಡುಕುತ್ತೇವೆ. ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫಿಗೆ, ಅಲ್ಲಿಂದ ನೇರವಾಗಿ ಮಗ ಅಥವಾ ಮಗಳು ಇರುವ ಊರಿಗೇ ವಿಮಾನವಿದ್ದರೆ ಅದೇ ಒಳ್ಳೆಯದು. ಆಗ ಸಾಲು ಎಷ್ಟೇ ಉದ್ದವಿದ್ದರೂ ತಪ್ಪಿಹೋಗಲು ಮುಂದೆ ವಿಮಾನವೇ ಇರುವುದಿಲ್ಲ, ಹೊರಗೆ ಮಕ್ಕಳು ಕಾದಿರುತ್ತಾರೆ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇರಬೇಕೆಂಬುದನ್ನೂ ಇನ್ನು ಬಿಗಿಯಾಗಿ ಪಾಲಿಸುತ್ತೇವೆ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನ ಕೊಡುವ ಹೊಣೆ ಯಾರ ಮೇಲೂ ಬರುವುದಿಲ್ಲ.

ಈಗ ದಿನದ ಲೆಕ್ಕ. ನಮಗೆ ಹೆಚ್ಚಿನ ಚಿಂತೆ ಇರುವುದು ಇಲ್ಲಿ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ ಒಟ್ಟು 90 ದಿನ ಇರಬಹುದು. ನಮ್ಮವರು ಇದನ್ನು ‘ಮೂರು ತಿಂಗಳು’ ಎಂದು ತಿಳಿದುಕೊಳ್ಳುತ್ತಾರೆ. ಅದು ಮೂರು ತಿಂಗಳಲ್ಲ. ಮೇ 1ರಂದು ಕಾಲಿಟ್ಟವರಿಗೆ ಮೇ ತಿಂಗಳ 31, ಜೂನ್ ತಿಂಗಳ 30 ಸೇರಿ 61 ದಿನವಾಯಿತು; ಉಳಿದದ್ದು 29. ಅಂದರೆ ತೊಂಬತ್ತನೆಯ ದಿನ ಜುಲೈ 29. ಜುಲೈ 31ಕ್ಕೆ ಹೊರಟರೆ ಎರಡು ದಿನ ಮೀರಿದಂತೆ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹೊರಟ ದಿನವೂ ಸೇರುತ್ತದೆ. ಜರ್ಮನಿಯಿಂದ ನಾಲ್ಕು ದಿನ ಇಟಲಿಗೆ ತಿರುಗಾಟ ಹೋದರೆ ಆ ನಾಲ್ಕು ದಿನವೂ ಅದೇ ಲೆಕ್ಕಕ್ಕೆ ಹೋಗುತ್ತದೆ. ಹೀಗೆ ಜುಲೈ 29ಕ್ಕೆ ಹೊರಬಂದವರು, ಕೈಯಲ್ಲಿ ಹಲವು ಸಲ ಹೋಗಬಹುದಾದ ವೀಸಾ ಇದ್ದರೂ, ಮತ್ತೆ ಕಾಲಿಡಬಹುದಾದ ಮೊದಲ ದಿನ ಅಕ್ಟೋಬರ್ 28.

ಎಲ್ಲರಿಗೂ 90 ದಿನ ಸಿಗುವುದೂ ಇಲ್ಲ. ವೀಸಾ ಚೀಟಿಯಲ್ಲಿ ಎರಡು ದಿನಾಂಕಗಳಿರುತ್ತವೆ, ಅದರ ಜೊತೆಗೆ ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆಯಾಗಿ ಇರುತ್ತದೆ. ದಿನಾಂಕಗಳ ನಡುವೆ ನಲವತ್ತೈದು ದಿನವಿದ್ದು, ಸಂಖ್ಯೆ 30 ಎಂದಿದ್ದರೆ ನಿಮಗೆ ಸಿಕ್ಕಿರುವುದು 30 ದಿನ ಮಾತ್ರ. ಮೇ 3ಕ್ಕೆ ಇಳಿದವರಿಗೆ ಜೂನ್ 1 ಕೊನೆಯ ದಿನ. ದಿನಾಂಕವನ್ನು ಮಾತ್ರ ನೋಡಿ ಸಂಖ್ಯೆಯನ್ನು ನೋಡದೆ ಹೋದವರು ನಮ್ಮಲ್ಲಿಯೇ ಇದ್ದಾರೆ. ಇಬ್ಬರನ್ನು ಕೊನೆಯ ಗಳಿಗೆಯಲ್ಲಿ ಫೋನ್ ಮಾಡಿ ಹೊರಡಿಸಿದ್ದೇವೆ.

ಮೊಹರು ಇದ್ದ ಕಾಲದಲ್ಲಿ ಅಧಿಕಾರಿ ಪುಟ ತಿರುವಿ, ಮಸುಕಾದ ದಿನಾಂಕವನ್ನು ಓದಿ ಮನಸ್ಸಿನಲ್ಲಿಯೇ ಕೂಡಿ ಕಳೆಯಬೇಕಿತ್ತು. ಒಂದೆರಡು ದಿನ ಹೆಚ್ಚಾದದ್ದು ಕಣ್ಣಿಗೆ ಬೀಳದೆ ಹೋಗುವುದೂ ಇತ್ತು. ಇನ್ನು ಹಾಗಾಗದು. ಅವಧಿ ಮೀರಿದವರ ಪಟ್ಟಿ ಗಣಕದಲ್ಲಿ ತಾನಾಗಿಯೇ ಸಿದ್ಧವಾಗುತ್ತದೆ, ಮುಂದಿನ ವೀಸಾ ಅರ್ಜಿಯನ್ನು ನೋಡುವ ಅಧಿಕಾರಿಗೂ ಅದು ಕಾಣಿಸುತ್ತದೆ. ಎರಡನೆಯ ಮೊಮ್ಮಗು ಹುಟ್ಟಿದಾಗ ಅಜ್ಜಿಗೆ ವೀಸಾ ಸಿಗದೆ ಹೋದರೆ, ಕಾರಣ ಆ ಎರಡು ದಿನ. ನಮ್ಮ ಮೂರು ದಿನದ ನಿಯಮದ ಹಿಂದೆ ಇರುವ ಆತಂಕ ಇದೇ. ವಿಮಾನ ರದ್ದಾದರೂ, ಜ್ವರ ಬಂದರೂ ಕೈಯಲ್ಲಿ ಮೂರು ದಿನ ಇರಲಿ. ಅಲ್ಲಿಯೇ ಆಸ್ಪತ್ರೆಗೆ ಸೇರುವಂತಹ ಸಂಕಟ ಬಂದರೆ ಅವಧಿ ಮುಗಿಯುವ ಮೊದಲೇ ಆ ಊರಿನ ವಿದೇಶಿಯರ ಕಚೇರಿಗೆ ಅರ್ಜಿ ಕೊಡಬೇಕು. ಕೈಮೀರಿದ ಕಾರಣಕ್ಕೆ ವೀಸಾ ವಿಸ್ತರಿಸಲು ಅವರು ಶುಲ್ಕ ತೆಗೆದುಕೊಳ್ಳುವುದಿಲ್ಲ. ಅವಧಿ ಮುಗಿದ ಮೇಲೆ ವೈದ್ಯರ ಚೀಟಿ ತೋರಿಸುತ್ತೇವೆ ಎಂದು ಕಾಯಬೇಡಿ. ಹಾಗೆಯೇ, ಮೊಹರು ಇಲ್ಲದಿರುವುದರಿಂದ ಹೋದ ಮತ್ತು ಬಂದ ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ಗಣಕದ ದಾಖಲೆಯಲ್ಲಿ ತಪ್ಪಾಗಿದ್ದರೆ ತಿದ್ದಿಸಿಕೊಳ್ಳುವ ಹಕ್ಕು ನಿಮಗಿದೆ. ಆಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ಆ ಚೀಟಿಗಳೇ.

ಬೆರಳಿನ ವಿಷಯವನ್ನು ಬೇರೆ ಊರಿನ ಟ್ರಾವೆಲ್ಸ್‌ನವರು ಇಷ್ಟು ವಿವರವಾಗಿ ಬರೆಯಲಿಕ್ಕಿಲ್ಲ. ನಾವು ಬರೆಯಲೇಬೇಕು. ನಮ್ಮ ಗ್ರಾಹಕರ ಕೈಗಳು ದುಡಿದ ಕೈಗಳು. ಅಡಿಕೆ ಸುಲಿದು, ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ, ಬೀಡಿ ಕಟ್ಟಿ, ಗೇರುಬೀಜದ ಸೊನೆ ತಾಗಿ, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಸುಣ್ಣ, ಮೈಲುತುತ್ತು ಕಲಸಿ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ. ಪಡಿತರ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಬೀಳದೆ ಎರಡೆರಡು ಸಲ ಒತ್ತಿದವರಿಗೆ ಈ ಕಷ್ಟ ಗೊತ್ತು. ಅಂಥವರು ನಮಗೆ ಮೊದಲೇ ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ, ಸಂಕೋಚ ಬೇಡ. ವೀಸಾ ಕೇಂದ್ರಕ್ಕೆ ಹೋಗುವ ಎರಡು ವಾರ ಮೊದಲಿನಿಂದ ಸುಣ್ಣ, ಆಸಿಡ್, ಸೊನೆಯ ಕೆಲಸವನ್ನು ಬೇರೆಯವರಿಗೆ ವಹಿಸಿ. ರಾತ್ರಿ ಮಲಗುವಾಗ ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಹೋಗುವ ದಿನ ಚೆನ್ನಾಗಿ ತೊಳೆದು ಒರೆಸಿಕೊಳ್ಳಿ. ಮದುವೆಮನೆಯ ಮದರಂಗಿಯನ್ನೂ ಆ ದಿನಗಳಲ್ಲಿ ಬೆರಳ ತುದಿಗೆ ಹಚ್ಚಬೇಡಿ. ಪ್ರಯಾಣಕ್ಕೆ ಮುನ್ನವೂ ಇದೇ ಪಥ್ಯ. ಇಷ್ಟೆಲ್ಲ ಮಾಡಿಯೂ ಅಚ್ಚು ಬೀಳದಿದ್ದರೆ ಅದು ಅಪರಾಧವಲ್ಲ. ಎಷ್ಟು ಬೆರಳಿನದ್ದು ಸಾಧ್ಯವೋ ಅಷ್ಟನ್ನು ತೆಗೆದುಕೊಳ್ಳಬೇಕು, ದೈಹಿಕವಾಗಿ ಸಾಧ್ಯವೇ ಇಲ್ಲದವರಿಗೆ ವಿನಾಯಿತಿ ಕೊಡಬೇಕು ಎಂದು ಅವರ ನಿಯಮದಲ್ಲಿಯೇ ಇದೆ.

ಕಚೇರಿಯಲ್ಲಿ ಕುಳಿತುಕೊಳ್ಳುವ ಆ ಅರ್ಧ ಗಂಟೆಯಲ್ಲಿ ಇವನ್ನೆಲ್ಲ ಬಾಯಿಮಾತಿನಲ್ಲಿ ಹೇಳಿ, ನಿಮ್ಮ ಕೊನೆಯ ದಿನಾಂಕವನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆಯನ್ನು ಕನ್ನಡದಲ್ಲಿಯೇ ಕೊಡುತ್ತೇವೆ. ಅಧಿಕಾರಿ ಕೇಳಬಹುದಾದ ಪ್ರಶ್ನೆಗಳು (ಏಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ಹಿಂತಿರುಗುತ್ತೀರಿ) ಅದರಲ್ಲಿರುತ್ತವೆ. ಇಂಗ್ಲಿಷ್ ಉತ್ತರವನ್ನು ಕನ್ನಡ ಅಕ್ಷರದಲ್ಲಿ ಬರೆದಿರುತ್ತೇವೆ. ಜಿಲ್ಲೆಯಲ್ಲಿ ನಮ್ಮ ಹಿರಿಯರ ಕೈಗೆ ಬರುವ ಕಾಗದಗಳು ಹೆಚ್ಚಾಗಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿಯೇ ಇರುತ್ತವೆ. ಪರದೇಶದ ಗಡಿಯಲ್ಲಿ ನಿಂತಾಗ ತಮಗೆ ಓದಲು ಬರುವ ಒಂದು ಕಾಗದವಾದರೂ ಅವರ ಕೈಯಲ್ಲಿರಲಿ.

ಮಕ್ಕಳೊಡನೆ ಹೋಗುವವರು ಗಮನಿಸಿ: ಅಲ್ಲಿನ ವಾಸದ ಪರವಾನಗಿ ಇರುವವರು, ದೀರ್ಘಾವಧಿ ವೀಸಾದಲ್ಲಿ ಓದಲು ಹೊರಟವರು ಈ ವ್ಯವಸ್ಥೆಗೆ ಒಳಪಡುವುದಿಲ್ಲ. ನಿಲ್ದಾಣದಲ್ಲಿ ಮಗನನ್ನು ಒಂದು ಸಾಲಿಗೆ, ನಿಮ್ಮನ್ನು ಇನ್ನೊಂದಕ್ಕೆ ಕಳಿಸಿದರೆ ಗಾಬರಿಯಾಗಬೇಡಿ. ನಿಮ್ಮ ಪಾಸ್‌ಪೋರ್ಟ್ ಮತ್ತು ಕಾಗದಗಳು ಅವನ ಚೀಲದಲ್ಲಿ ಇರದಂತೆ ನೋಡಿಕೊಳ್ಳಿ. ನರ್ಸ್ ಕೆಲಸಕ್ಕೆ ಹೋದ ಮಗಳನ್ನು ನೋಡಲು ಐರ್ಲೆಂಡಿಗೆ ಹೋಗುವವರಿಗೆ ಈ ವ್ಯವಸ್ಥೆ ಅನ್ವಯಿಸುವುದಿಲ್ಲ. ಐರ್ಲೆಂಡ್ ಮತ್ತು ಸೈಪ್ರಸ್ ಇದರ ಹೊರಗಿವೆ, ಅಲ್ಲಿ ಮೊಹರೇ ಇದೆ. ಬ್ರಿಟನ್ ಬೇರೆಯೇ. ಮಾಲ್ಟಾ ಒಳಗಿದೆ. ಹಡಗಿನಲ್ಲಿ ಕೆಲಸ ಮಾಡುವ ಉದುಮ, ಕೋಟಿಕುಳಂ ಕಡೆಯ ಗ್ರಾಹಕರು ಕರಾರುಪತ್ರದೊಡನೆ ಬನ್ನಿ, ಅವರ ದಿನದ ಲೆಕ್ಕವನ್ನು ಒಬ್ಬೊಬ್ಬರದಾಗಿಯೇ ನೋಡಬೇಕಾಗುತ್ತದೆ.

ಒಂದು ಎಚ್ಚರಿಕೆ. ಈ ಹೊಸ ತಪಾಸಣೆಗೆ ಮುಂಚಿತವಾಗಿ ಹೆಸರು ನೋಂದಾಯಿಸುವ ಅಗತ್ಯವಿಲ್ಲ, ಗಡಿಯಲ್ಲಿ ದಾಖಲಿಸಿಕೊಳ್ಳುವುದಕ್ಕೆ ಒಂದು ರೂಪಾಯಿಯ ಶುಲ್ಕವೂ ಇಲ್ಲ. ‘ಯುರೋಪ್ ಬಯೋಮೆಟ್ರಿಕ್ ನೋಂದಣಿ’ ಎಂದು ಹಣ ಕೇಳುವ ಸಂದೇಶ ಬಂದರೆ ಅದು ಮೋಸ. ‘ಎಟಿಯಾಸ್’ ಎಂಬ ಇನ್ನೊಂದು ಅನುಮತಿಯ ಹೆಸರೂ ಕೇಳಿಬರುತ್ತದೆ. ಅದು ವೀಸಾ ಬೇಡದ ದೇಶಗಳ ಪ್ರಜೆಗಳಿಗೆ. ಭಾರತದ ಪಾಸ್‌ಪೋರ್ಟ್ ಇದ್ದು ಷೆಂಗೆನ್ ವೀಸಾ ಪಡೆದವರಿಗೆ ಬೇಡ. ಹಣ ಕಟ್ಟುವ ಮೊದಲು ನಮಗೆ ಒಂದು ಕರೆ ಮಾಡಿ.

ನಮ್ಮ ಸೇವಾ ಶುಲ್ಕ ಹಿಂದಿನಷ್ಟೇ ಇರುತ್ತದೆ. ಈಗಾಗಲೇ ಟಿಕೆಟ್ ಮಾಡಿಸಿಕೊಂಡು ಇನ್ನೂ ಹೊರಡದ ಗ್ರಾಹಕರ ಪಟ್ಟಿಯನ್ನು ತೆಗೆದು ಒಂದೊಂದನ್ನೂ ಮತ್ತೆ ನೋಡುತ್ತಿದ್ದೇವೆ. ಮೂರು ಗಂಟೆಗಿಂತ ಕಡಿಮೆ ಬಿಡುವು ಇರುವವರಿಗೆ ನಾವೇ ಫೋನ್ ಮಾಡುತ್ತೇವೆ. ಬದಲಾಯಿಸಲು ವಿಮಾನ ಸಂಸ್ಥೆ ಹಣ ಕೇಳಿದರೆ ಅದರಲ್ಲಿ ಅರ್ಧವನ್ನು ನಮ್ಮ ಕಚೇರಿ ಭರಿಸುತ್ತದೆ. ಹದಿನೈದು ದಿನದೊಳಗೆ ಕರೆ ಬಾರದಿದ್ದರೆ ನಿಮ್ಮ ಟಿಕೆಟ್ ಸರಿಯಿದೆ ಎಂದು ಸುಮ್ಮನಾಗಬೇಡಿ. ಪಾಸ್‌ಪೋರ್ಟ್ ಮತ್ತು ಟಿಕೆಟ್ ಹಿಡಿದುಕೊಂಡು ಬನ್ನಿ, ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಕಚೇರಿ ತೆರೆದಿರುತ್ತದೆ.

ಇತಿ ನಿಮ್ಮ ವಿಶ್ವಾಸಿಗಳು,
ಬದಿಯಡ್ಕದ ಟ್ರಾವೆಲ್ಸ್ ಕಚೇರಿಯ ಪಾಲುದಾರರು ಮತ್ತು ಸಿಬ್ಬಂದಿ