‘ಭಾರ ಎತ್ತಬೇಡಿ’ ಎಂದ ಮೇಲೆ ಮಗುವನ್ನು ಎತ್ತುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಹೆರಿಗೆಯಾದ ಹೆಂಗಸರನ್ನೇ ಗುರಿಯಾಗಿಟ್ಟುಕೊಂಡು ‘ಮಮ್ಮಿ ಮೇಕ್‌ಓವರ್’ ಎಂಬ ಹೆಸರಿನ ಶಸ್ತ್ರಚಿಕಿತ್ಸೆಗಳ ಜಾಹೀರಾತು ಈಗ ಬೆಂಗಳೂರಿನಲ್ಲಿ ಎಲ್ಲೆಡೆ ಕಾಣುತ್ತಿದೆ. ಸಿಲಿಕೋನ್ ಇಂಪ್ಲಾಂಟ್, ಅಂದರೆ ಜೆಲ್ ತುಂಬಿದ ಮೆತ್ತನೆಯ ಚೀಲ, ಇರಿಸಿ ಮಾಡುವ ಸ್ತನವರ್ಧನೆ ಅದರಲ್ಲಿ ಮುಖ್ಯವಾದದ್ದು. ‘ಒಂದು ವಾರದಲ್ಲಿ ಕೆಲಸಕ್ಕೆ ಹೋಗಬಹುದು’ ಎಂಬ ಭರವಸೆಯೂ ಅದರ ಜೊತೆಗಿರುತ್ತದೆ. ಇಬ್ಬರು ಚಿಕ್ಕ ಮಕ್ಕಳ ತಾಯಿಯಾದ ನಾನು ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡಿದ್ದೇನೆ. ಅದರ ಬಗ್ಗೆ ನನಗೆ ವಿಷಾದವೂ ಇಲ್ಲ, ಯಾರಿಗೂ ಸಮಜಾಯಿಷಿ ಕೊಡುವ ಅಗತ್ಯವೂ ಕಾಣುತ್ತಿಲ್ಲ. ಆದರೆ ಆ ಒಂದು ವಾರದ ಲೆಕ್ಕ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ನೋಡುವವರಿಗೆ ಹೊಂದುತ್ತದೆಯೇ ಹೊರತು, ಇನ್ನೂ ಸೊಂಟ ಬಿಟ್ಟಿಳಿಯದ ಮಗುವಿರುವ ಮನೆಗೆ ಹೊಂದುವುದಿಲ್ಲ ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಇಂಪ್ಲಾಂಟನ್ನು ಹಾಲಿನ ಗ್ರಂಥಿಯ ಹಿಂದೆ ಇಡುವುದುಂಟು, ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇಡುವುದೂ ಉಂಟು. ಸ್ನಾಯುವಿನ ಅಡಿಯಲ್ಲಿ ಇಟ್ಟರೆ ಮೊದಲ ದಿನಗಳ ನೋವು ಸಾಮಾನ್ಯವಾಗಿ ಹೆಚ್ಚು, ಏಕೆಂದರೆ ಕೈಯೂರಿ ಏಳುವಾಗ, ಬಾಗಿಲು ತಳ್ಳುವಾಗ, ಎರಡೂ ತೋಳು ಚಾಚಿ ಏನನ್ನಾದರೂ ಎತ್ತುವಾಗ ದುಡಿಯುವುದು ಅದೇ ಸ್ನಾಯು. ಆದ್ದರಿಂದಲೇ ಶಸ್ತ್ರವೈದ್ಯರು ಹೆಚ್ಚಾಗಿ 4ರಿಂದ 6 ವಾರಗಳ ಕಾಲ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದೆಂದೂ, ಮೊದಮೊದಲು ತೋಳನ್ನು ಭುಜಕ್ಕಿಂತ ಮೇಲೆ ಒಯ್ಯಬಾರದೆಂದೂ, ಹಗಲೂ ರಾತ್ರಿಯೂ ಸರ್ಜಿಕಲ್ ಬ್ರಾ ಧರಿಸಿ ತಲೆಯ ಕಡೆ ಎತ್ತರ ಮಾಡಿಕೊಂಡು ಅಂಗಾತ ಮಲಗಬೇಕೆಂದೂ ಹೇಳುತ್ತಾರೆ. ಇವೆಲ್ಲ ನ್ಯಾಯವಾದ ಸೂಚನೆಗಳೇ. ಆದರೆ ಒಂದು ವರ್ಷದ ಆರೋಗ್ಯವಂತ ಮಗುವೇ ಸುಮಾರು 9 ಕಿಲೋ ತೂಗುತ್ತದೆ. ನಾನು ಡಿಸ್ಚಾರ್ಜ್ ಆದಾಗ ಕೊಟ್ಟ ಚೀಟಿಯಲ್ಲಿ ‘ಭಾರವಾದ ವಸ್ತುಗಳನ್ನು ಎತ್ತಬೇಡಿ’ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿದ್ದರು. ಮಗುವಿನ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನನಗೆ ಎಷ್ಟು ಮಕ್ಕಳು, ಚಿಕ್ಕದಕ್ಕೆ ನಡಿಗೆ ಬಂದಿದೆಯೇ, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಮನೆಗಳ ಏರ್ಪಾಡೇ ಈ ನಿಯಮಗಳಿಗೆ ಹೊಂದುವಂಥದ್ದಲ್ಲ. ಅಡುಗೆಮನೆಯಲ್ಲಿ ದಿನಸಿ ಡಬ್ಬಿಗಳು ಮಕ್ಕಳ ಕೈಗೆ ಸಿಗಬಾರದೆಂದು ಮೇಲಿನ ಶೆಲ್ಫಿನಲ್ಲಿರುತ್ತವೆ. ಒಗೆದ ಸಮವಸ್ತ್ರ ತಲೆಗಿಂತ ಎತ್ತರದ ತಂತಿಯ ಮೇಲಿರುತ್ತದೆ. ಅನ್ನ ಬೆಂದ ಐದು ಲೀಟರಿನ ಕುಕ್ಕರು ಒಲೆಯಿಂದ ಇಳಿಯಬೇಕಾಗುತ್ತದೆ. ಕುಡಿಯುವ ನೀರಿನ ಕ್ಯಾನು ಬಾಗಿಲ ಬಳಿಯೇ ಕೂತಿರುತ್ತದೆ. ಇವಕ್ಕೆಲ್ಲ ಮುಂಚೆಯೇ ದಾರಿ ಮಾಡಿಕೊಳ್ಳಬಹುದು, ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿಡಬಹುದು, ಕ್ಯಾನು ತರುವ ಹುಡುಗನಿಗೇ ಒಳಗೆ ಇಟ್ಟುಹೋಗು ಎನ್ನಬಹುದು. ಆದರೆ ಸ್ನಾನದ ಮನೆಯಲ್ಲಿ ಮೈಯೆಲ್ಲ ಸೋಪು ಬಳಿದುಕೊಂಡು ಜಾರುತ್ತ, ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿ ನಿಂತ ಮಗುವಿಗೆ ಯಾವ ಪೂರ್ವಸಿದ್ಧತೆಯೂ ಕೆಲಸಕ್ಕೆ ಬರುವುದಿಲ್ಲ. ಎತ್ತಿದರೆ ಹೊಲಿಗೆಯ ಭಯ, ಎತ್ತದಿದ್ದರೆ ಅದು ಬಿದ್ದೀತೆಂಬ ಭಯ. ಹಾಲು ಬಿಟ್ಟ ಮಗುವೂ ನಿದ್ದೆಗಣ್ಣಿನಲ್ಲಿ ಮುಖ ಒತ್ತಿಕೊಂಡು ಮಲಗಲು ಹುಡುಕುವುದು ತಾಯಿಯ ಎದೆಯನ್ನೇ.

ನನಗೆ ಉಪಯೋಗಕ್ಕೆ ಬಂದದ್ದನ್ನೂ ಹೇಳಿಬಿಡುತ್ತೇನೆ. ಮಗುವನ್ನು ನಿಂತು ಎತ್ತುವುದನ್ನು ಬಿಟ್ಟು, ಗಟ್ಟಿಯಾದ ತಗ್ಗು ಸೋಫಾದಲ್ಲಿ ಕೂತು, ಎದೆಗೆ ಅಡ್ಡವಾಗಿ ದಿಂಬು ಇಟ್ಟುಕೊಂಡು, ಪಕ್ಕದಿಂದ ಅದೇ ಹತ್ತಿ ಬರುವಂತೆ ಒಂದು ಸ್ಟೂಲು ಇಡುವ ರೂಢಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮಾಡಿಸಿದ್ದೆ. ದೊಡ್ಡವಳಿಗೆ ಜಡೆ ಹಾಕುವಾಗ ಅವಳನ್ನು ನೆಲದ ಮೇಲೆ ಕೂರಿಸಿಕೊಂಡರೆ ತೋಳು ಮೇಲೇರುವುದಿಲ್ಲ. ನೆಲದ ಹಾಸಿಗೆ ಮಗುವಿಗೆ ಒಳ್ಳೆಯದೇ, ಆದರೆ ಅಲ್ಲಿಂದ ಕೈಯೂರದೆ ಏಳುವುದು ತಾಯಿಗೆ ಆಗದ ಮಾತು. ಆಕೆಗೆ ಮಂಚವೇ ಸರಿ. ಮುಂದೆ ಜಿಪ್ ಇರುವ ನೈಟಿಯನ್ನು ನಮ್ಮ ಹೆಂಗಸರು ಎಷ್ಟೇ ಆಡಿಕೊಳ್ಳಲಿ, ಆ ದಿನಗಳಿಗೆ ಅದಕ್ಕಿಂತ ಅನುಕೂಲವಾದ ಉಡುಪು ಇನ್ನೊಂದಿಲ್ಲ. ಇನ್ನು ನೋವಿನ ಮಾತ್ರೆಗಳಲ್ಲಿ ಕೆಲವು ಮಂಪರು ತರಿಸುತ್ತವೆ. ಅವುಗಳನ್ನು ತೆಗೆದುಕೊಳ್ಳುವಷ್ಟು ದಿನ ಸ್ಕೂಟರ್ ಓಡಿಸಬಾರದು, ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಲೂಬಾರದು. ಅಂದರೆ ರಾತ್ರಿ ಮಗು ಎದ್ದರೆ ನೋಡಿಕೊಳ್ಳಲು ಇನ್ನೊಬ್ಬರು ಇರಲೇಬೇಕು.

ಆ ಇನ್ನೊಬ್ಬರು ಯಾರು ಎಂಬಲ್ಲಿಗೇ ಎಲ್ಲವೂ ಬಂದು ನಿಲ್ಲುತ್ತದೆ. ಹೆರಿಗೆಯಾದರೆ ನಮ್ಮಲ್ಲಿ ತವರು ಮನೆಯೇ ಎದ್ದು ನಿಲ್ಲುತ್ತದೆ. ಎಣ್ಣೆ ನೀರು, ಮೆಣಸಿನ ಸಾರು, ಕಿವಿಗೆ ಹತ್ತಿ, ಬಾಣಂತಿ ಒಂದು ಚೊಂಬು ಎತ್ತಿದರೂ ಬೈಯುವ ಅಜ್ಜಿ, ಎಲ್ಲವೂ ಇರುತ್ತದೆ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಬಂದರೂ ಓರಗಿತ್ತಿ ಎರಡು ದಿನ ಬಂದು ಅಡುಗೆ ಮಾಡಿ ಹೋಗುತ್ತಾಳೆ. ಸ್ತನವರ್ಧನೆ ಮಾಡಿಸಿಕೊಂಡವಳು ಮಾತ್ರ ಅದನ್ನು ಗಂಡನ ಹೊರತು ಯಾರಿಗೂ ಹೇಳಿರುವುದಿಲ್ಲ, ಹೇಳದ ಕಾರಣ ಯಾರನ್ನೂ ಕರೆಸುವಂತಿಲ್ಲ, ಕರೆಸದ ಕಾರಣ ಬ್ರಾ ಬಿಗಿದುಕೊಂಡು ಮಾರನೆಯ ದಿನವೇ ಮಗುವನ್ನು ಎತ್ತುತ್ತಾಳೆ. ನನಗೆ ಪರಿಚಯವಿರುವ ಒಬ್ಬರು ‘ಎದೆಯಲ್ಲಿ ಸಣ್ಣ ಗಂಟಿತ್ತು, ತೆಗೆದರು’ ಎಂದು ಅತ್ತೆಗೆ ಸುಳ್ಳು ಹೇಳಿ, ಕ್ಯಾನ್ಸರ್ ಎಂದು ಊರೆಲ್ಲ ಸುದ್ದಿಯಾದ ಮೇಲೆ ಅದನ್ನು ಅಲ್ಲಗಳೆಯುವುದರಲ್ಲೇ ಸುಸ್ತಾದರು. ಹಾಗೆಂದು ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಮಗುವನ್ನು ಎತ್ತಬಲ್ಲ, ಬಾಯಿ ಬಿಗಿ ಹಿಡಿಯಬಲ್ಲ ಒಬ್ಬ ಅಕ್ಕನಿಗೋ ಅಮ್ಮನಿಗೋ ನಿಜ ಹೇಳಿ ಒಪ್ಪಿಸಿದ ಮೇಲೆಯೇ ದಿನಾಂಕ ಗೊತ್ತುಮಾಡಿಕೊಳ್ಳಬೇಕು.

ಜಗತ್ತಿನಲ್ಲಿ ಮೊದಲ ಬಾರಿಗೆ ಸಿಲಿಕೋನ್ ಜೆಲ್ ಇಂಪ್ಲಾಂಟ್ ಇರಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಅದಕ್ಕಾಗಿ ಹೆಸರಾದರು. ಅದನ್ನು ಇರಿಸಿಕೊಂಡ ಟಿಮ್ಮಿ ಜೀನ್ ಲಿಂಡ್ಸಿ ಎಂಬಾಕೆ ಆರು ಮಕ್ಕಳ ತಾಯಿ. ಇದು ಹೆತ್ತ ತಾಯಂದಿರ ಶಸ್ತ್ರಚಿಕಿತ್ಸೆಯಾಗಿ ಮೊದಲಿನಿಂದಲೂ ಇದೆ ಎಂದಾಯಿತು. ಆದರೂ ಆ ಆರು ಮಕ್ಕಳನ್ನು ಆ ವಾರಗಳಲ್ಲಿ ಯಾರು ನೋಡಿಕೊಂಡರೆಂಬುದು ನಾನು ಓದಿದ ಯಾವ ಬರಹದಲ್ಲೂ ಸಿಗಲಿಲ್ಲ.

ಹಾಲುಣಿಸುವ ತಾಯಂದಿರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಮೊಲೆ ಬಿಡಿಸಿದ ನಂತರ ಸ್ತನದ ಗಾತ್ರ ಮತ್ತು ಆಕಾರ ಒಂದು ಸ್ಥಿತಿಗೆ ಬರಲು ಸಮಯ ಬೇಕಾದ್ದರಿಂದ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಲು ವೈದ್ಯರು ಸೂಚಿಸುತ್ತಾರೆ. ಇನ್ನೊಂದು ಮಗು ಬೇಕೆನ್ನುವವರು ಆ ಮಗು ಹಾಲು ಬಿಡುವವರೆಗೆ ತಡೆಯುವುದು ಇನ್ನೂ ಲೇಸು, ಏಕೆಂದರೆ ಬಸಿರು ಮತ್ತು ಹಾಲೂಡಿಕೆ ಸ್ತನದ ಆಕಾರವನ್ನು ಮತ್ತೆ ಬದಲಿಸುತ್ತವೆ. ಕಾಯುವುದರಿಂದ ಇನ್ನೊಂದು ಲಾಭವೂ ಇದೆ: ಮಗು ತಾನೇ ಮೆಟ್ಟಿಲು ಹತ್ತುತ್ತದೆ, ತಾನೇ ಕುರ್ಚಿಗೆ ಏರುತ್ತದೆ, ‘ಅಮ್ಮನಿಗೆ ಗಾಯವಾಗಿದೆ’ ಎಂದರೆ ಅದಕ್ಕೆ ತಿಳಿಯುತ್ತದೆ. ರಿಯಾಯಿತಿ ದರ ತಿಂಗಳ ಕೊನೆಗೆ ಮುಗಿಯುತ್ತದೆಂದು ಅವಸರಪಡಿಸುವ ಕ್ಲಿನಿಕ್ಕುಗಳು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಹಣದ ಲೆಕ್ಕದಲ್ಲೂ ಮಕ್ಕಳ ಆರೈಕೆ ಸೇರಿರುವುದಿಲ್ಲ. ಆರೋಗ್ಯ ವಿಮೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ರಚನೆಗೆ ಬೇರೆ ನಿಯಮವಿದೆ. ಆಯಾಗೆ ಒಂದು ತಿಂಗಳು ಕೊಡುವ ಸಂಬಳ, ಬೇಬಿ ಸಿಟ್ಟಿಂಗ್ ಶುಲ್ಕ, ಹೊರಗಿನಿಂದ ತರಿಸುವ ಊಟ, ಇವನ್ನೆಲ್ಲ ಪ್ಯಾಕೇಜಿನ ದರದ ಪಕ್ಕದಲ್ಲಿ ಬರೆದು ನೋಡಿದರೆ ಮೊತ್ತ ಬೇರೆಯೇ ಆಗುತ್ತದೆ. ಖರ್ಚು ಅಲ್ಲಿಗೇ ನಿಲ್ಲುವುದೂ ಇಲ್ಲ, ಇಂಪ್ಲಾಂಟ್ ಜೀವಮಾನಕ್ಕೆಲ್ಲ ಬರುವ ವಸ್ತುವಲ್ಲ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರಲ್ಲಿ ಇದನ್ನು ಇಂಪ್ಲಾಂಟಿನ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆಯಲ್ಲೇ ಹೇಳಿಸಿ, ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ವೈದ್ಯರು ಪ್ರತಿ ಮಹಿಳೆಯೊಂದಿಗೆ ಕೂತು ಅಪಾಯಗಳನ್ನು ವಿವರಿಸುವ ಒಂದು ಪರಿಶೀಲನಾ ಪಟ್ಟಿಯನ್ನು ಓದಿ ಸಹಿ ಪಡೆಯುವಂತೆ ಮಾಡಿತು.

ಅಂಥದೊಂದು ಪಟ್ಟಿ ನಮ್ಮ ಆಸ್ಪತ್ರೆಗಳಲ್ಲೂ ಕನ್ನಡದಲ್ಲಿ ಇರಲಿ, ಅದರ ಮೊದಲ ಪುಟದಲ್ಲೇ ಮಕ್ಕಳ ವಯಸ್ಸು, ತೂಕ, ಎದೆಹಾಲು ನಿಲ್ಲಿಸಿದ ತಿಂಗಳು, ರಾತ್ರಿ ಜೊತೆಗಿರುವವರ ಹೆಸರು, ಮಗುವನ್ನು ಎಂದಿನಿಂದ ಎತ್ತಬಹುದೆಂಬ ದಿನಾಂಕ ಬರೆಯಲು ಜಾಗವಿರಲಿ ಎಂಬುದು ನನ್ನ ಕೋರಿಕೆ. ಒಂದು ಕಡೆಯ ಸ್ತನ ಮಾತ್ರ ಇದ್ದಕ್ಕಿದ್ದಂತೆ ಬಾತು ಬಿಗಿದರೆ ಒಳಗೆ ರಕ್ತ ಸೇರುತ್ತಿರಬಹುದು. ಜ್ವರ ಬಂದು ಗಾಯದ ಸುತ್ತ ಕೆಂಪೇರಿದರೆ ಸೋಂಕಿರಬಹುದು. ಎರಡರಲ್ಲೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಡುರಾತ್ರಿ ಹಾಗಾದರೆ ಮಲಗಿರುವ ಮಕ್ಕಳನ್ನು ಯಾರ ಬಳಿ ಬಿಟ್ಟು ಹೊರಡುತ್ತೀರಿ ಎಂಬ ಪ್ರಶ್ನೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಬೇಕು. ನಿಮ್ಮ ಆರೋಗ್ಯ ಪುರವಣಿಯಲ್ಲಿ ಅನುಭವಿ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಂದ ಈ ವಿಷಯವಾಗಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸಿದರೆ, ಹೆಸರು ಹೇಳಲು ಸಂಕೋಚಪಡುವ ಅನೇಕರು ಬರೆದು ಕೇಳಿಯಾರು.

ಇತಿ,
ಇಬ್ಬರು ಮಕ್ಕಳ ತಾಯಿ, ಬೆಂಗಳೂರು
(ಹೆಸರು ಪ್ರಕಟಿಸಬಾರದಾಗಿ ವಿನಂತಿ)