ಕರಡಿಗೆ ತೆಗೆದಿಟ್ಟ ಮಗಳಿಗೆ

ಮಗಳೇ,

ಬಟ್ಟೆಬರೆ ಒಯ್ಯಲು ಬಂದಿರುವ ನಿಮ್ಮವ್ವ ನಾಳೆ ಬೆಳಿಗ್ಗೆ ಮತ್ತೆ ಹುಬ್ಬಳ್ಳಿ ಬಸ್ಸು ಹತ್ತುತ್ತಾಳೆ. ಈ ಪತ್ರ ಅವಳ ಕೈಯಲ್ಲಿ ಕೊಡುತ್ತಿದ್ದೇನೆ. ಫೋನಿನಲ್ಲಿ ಇಷ್ಟು ಮಾತು ಆಗುವುದಿಲ್ಲ. ನಿನಗೆ ಪುರುಸೊತ್ತಿಲ್ಲ, ಒಳಗೆ ಫೋನ್ ಬಿಡುವುದಿಲ್ಲ. ನನಗೂ ನಿನ್ನ ದನಿ ಕೇಳಿದರೆ ಗಂಟಲು ಕಟ್ಟುತ್ತದೆ.

ರಾತ್ರಿ ನೀನು ಎರಡು ಮಾತು ಹೇಳಿದೆ. ಎಳೆಗೂಸುಗಳನ್ನು ಇಡುವ ಎನ್‌ಐಸಿಯು ಒಳಗೆ ಹೋಗುವ ಮುಂಚೆ ಬಳೆ, ಉಂಗುರ, ತಾಳಿಯ ಜೊತೆ ಲಿಂಗವಿಟ್ಟ ಕೊರಳಿನ ಕರಡಿಗೆಯನ್ನೂ ತೆಗೆದಿಡಬೇಕಾಯಿತು ಅಂದೆ. "ಲಿಂಗ ಬಿಟ್ಟು ಕೂಸಿನ ಹತ್ರ ಹೋಗೇನಿ ಅಪ್ಪಾ, ಏನರ ಆದ್ರ?" ಅಂದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಬೇಡ್ಕೊಳ್ಳಾಕ ಬರಂಗಿಲ್ಲ. ಇಷ್ಟ ವರ್ಷ ಮಾತಾಡ್ಸಿಲ್ಲ, ಈಗ ಗರಜ ಬಿದ್ದಾಗ ಹೋಗಿ ಕೈ ಒಡ್ಡಾಕ ನಾಚಿಕಿ ಆಗ್ತೈತಿ" ಅಂದೆ. ನಾನು "ಎಲ್ಲಾ ಚಲೋ ಆಗ್ತೈತಿ" ಅಂದು ಫೋನ್ ಇಟ್ಟೆ. ಅದು ಉತ್ತರವಾಗಲಿಲ್ಲ ಅಂತ ರಾತ್ರಿಯೆಲ್ಲ ಅನ್ನಿಸುತ್ತಲೇ ಇತ್ತು.

ಮೊದಲು ಕರಡಿಗೆಯ ಮಾತು. ನೀನು ಮಾಡಿದ್ದು ಸರಿ. ದಾರದಲ್ಲಿ, ಬೆಳ್ಳಿಯ ಸಂದಿಯಲ್ಲಿ ಸೋಂಕು ಕೂತಿರುತ್ತದೆ. 29 ವಾರಕ್ಕೆ ಹುಟ್ಟಿದ ಕೂಸಿಗೆ ಅದನ್ನು ತಡೆಯುವ ಶಕ್ತಿ ಇನ್ನೂ ಬಂದಿಲ್ಲ. ನರ್ಸಮ್ಮ ಹೇಳಿದ್ದು ಕೂಸಿನ ಸಲುವಾಗಿ. ಅವರು ಮೊಣಕೈತನಕ ಕೈ ತೊಳೆ ಅಂದರೆ ತೊಳೆ, ಎಷ್ಟು ಸಲ ಅಂದರೆ ಅಷ್ಟು ಸಲ. ಲಿಂಗ ಅಂಗದಿಂದ ಅಗಲಬಾರದು ಅನ್ನುವುದು ನಮ್ಮಲ್ಲಿ ದೊಡ್ಡ ಮಾತು, ನನಗೆ ಗೊತ್ತು. ನಿನ್ನ ಭಯ ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಶರಣ ನುಲಿಯ ಚಂದಯ್ಯನ ಕಥೆ ನಿನಗೆ ನಾವು ಯಾರೂ ಸರಿಯಾಗಿ ಹೇಳಿಲ್ಲ ಅಂತ ಕಾಣುತ್ತದೆ.

ಚಂದಯ್ಯ ಇಲ್ಲೇ ನಮ್ಮ ಸೀಮೆಯವನು, ಬಿಜಾಪುರ ಕಡೆಯ ಶಿವಣಗಿಯವನು. ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ದುಡ್ಡಿನಲ್ಲಿ ಜಂಗಮರಿಗೆ ಉಣ್ಣಿಸುವುದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿತ್ತು. ಚಂದಯ್ಯ ಕೆಲಸ ನಿಲ್ಲಿಸಲಿಲ್ಲ. ದಾಸೋಹಕ್ಕೆ ಹೊತ್ತಾಗುತ್ತದೆ ಅಂತ ಹೊರೆ ಹೊತ್ತು ಹೊರಟೇಬಿಟ್ಟ. ಆಗ ಲಿಂಗವೇ ಅವನ ಬೆನ್ನು ಹತ್ತಿ ಬಂತಂತೆ, ನನ್ನನ್ನು ಧರಿಸಿಕೋ ಅಂತ. ಅವನು ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಕಥೆ ಮುಂದೆ ಬೇರೆ ಕಡೆ ಹೋಗುತ್ತದೆ, ಅದು ಈಗ ಬೇಡ. ಬೆನ್ನು ಹತ್ತಿ ಬಂದದ್ದು ಯಾರು ಅನ್ನುವುದನ್ನಷ್ಟು ನೋಡು. ನೀನು ಬಾಗಿಲ ಹೊರಗೆ ಬಿಟ್ಟುಹೋದೆ ಅಂತ ಅಳುತ್ತೀಯಲ್ಲ, ಆತ ಬಾಗಿಲ ಹೊರಗೆ ನಿಲ್ಲುವವನಲ್ಲ ಮಗಳೇ.

ದಿನಾ ಕೂಸನ್ನು ಬರಿಮೈಯಲ್ಲಿ ಎದೆಯ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ಕೂರುತ್ತೀಯಂತೆ. ನಿಮ್ಮವ್ವ ಹೇಳಿದಳು. ಬೆನ್ನು ನೋಯುತ್ತಿದ್ದರೂ ಅಲುಗಾಡುವುದಿಲ್ಲವಂತೆ, ಹಾಲು ಹಿಂಡಿ ಕೊಡುವುದಕ್ಕೆ ರಾತ್ರಿ ಅಲಾರಂ ಇಟ್ಟು ಏಳುತ್ತೀಯಂತೆ. ಕೇಳಿ ನನಗೆ ಎಷ್ಟು ಹೆಮ್ಮೆ ಆಯಿತು ಅಂತ ಹೇಳಲಾರೆ. ಕಾಯಕದಲ್ಲಿ ಮುಳುಗಿದ್ದರೆ ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂದವನು ಆಯ್ದಕ್ಕಿ ಮಾರಯ್ಯ. ಲಿಂಗ ಇರುತ್ತಿದ್ದ ಜಾಗದಲ್ಲೇ ಈಗ ಕೂಸು ಇದೆ. ಆ ಹೊತ್ತಿನಲ್ಲಿ ನೀನು ಬೇರೆ ಪೂಜೆ ಹುಡುಕಬೇಡ.

ಈಗ ಎರಡನೇ ಮಾತು. ಬೇಡಿಕೊಳ್ಳಲು ಬರುವುದಿಲ್ಲ ಅಂದೆ. ಅದಕ್ಕೆ ನನ್ನವ್ವ, ಅಂದರೆ ನಿನ್ನ ಆಯಿಯ ಬಗ್ಗೆ ಒಂದು ವಿಷಯ ಬರೆಯಬೇಕು. ನೀನು ಕಂಡ ಆಯಿ ಬೇರೆ. ವಿಭೂತಿ ಹಚ್ಚಿಕೊಂಡು, ನಗುನಗುತ್ತಾ ನಿನಗೆ ಪಾದೋದಕ ಕೊಡುತ್ತಿದ್ದವಳು. ನಾನು ಹೇಳುವುದು 1972ರ ಬರದ ಕಾಲದ ಆಯಿ.

ಆಗ ನನಗೆ ಒಂಬತ್ತು ವರ್ಷ. ಇಳಕಲ್‌ನಲ್ಲಿ ಸೀರೆ ಕೊಳ್ಳುವವರಿಲ್ಲ. ನಮ್ಮ ಮಗ್ಗ ನಿಂತಿತ್ತು. ನಿನ್ನ ಮುತ್ಯಾ, ನನ್ನಪ್ಪ, ಕೂಲಿ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಆಯಿ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಳು. ನನಗೆ ಮುದ್ದತಿ ಜ್ವರ ಬಂತು, ಈಗ ಟೈಫಾಯ್ಡ್ ಅಂತೀರಲ್ಲ, ಅದು. ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದೆ. ಬೆಳಗಿನ ಜಾವ ಎಚ್ಚರವಾಯಿತು. ಚಿಮಣಿ ಎಣ್ಣೆಯ ಬುಡ್ಡಿ ಉರಿಯುತ್ತಿತ್ತು. ಆಯಿ ಮಣೆಯ ಮೇಲೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ. ಹೂವಿಲ್ಲ, ಪತ್ರಿಯಿಲ್ಲ. ನನಗೆ ಅವಳ ಮಾತು ಕೇಳಿಸಿತು.

"ನಿನ್ನಿ ಹೂ ಇರಲಿಲ್ಲ, ಇವತ್ತೂ ಇಲ್ಲ. ನೀರಷ್ಟ ಐತಿ. ಅದನ್ನ ತಗೋ. ಆ ಹುಡುಗನ ಮೈ ಮುಟ್ಟಿ ನೋಡಿಯೇನು? ಕೆಂಡ ಆಗೇತಿ. ನಾ ದಿನಾ ಬಂದು ಹೇಳಾಕತ್ತೀನಿ, ನೀ ಕುಂತೀದಿ ಕಲ್ಲಿನಂಗ."

ಬೈಯುತ್ತಿದ್ದಳು, ಮಗಳೇ. ದೇವರನ್ನು. ಮುತ್ಯಾನನ್ನು ಬೈಯುವ ದನಿಯಲ್ಲೇ. ಆಮೇಲೆ ದನಿ ಇಳಿಸಿ ಇನ್ನೂ ಏನೇನೋ ಹೇಳಿದಳು. ಜಲ್ಲಿ ಒಡೆದು ಕೈ ಬಿರಿದದ್ದು, ಮುತ್ಯಾನ ಕಾಗದ ಬಾರದ್ದು, ಡಬ್ಬಿಯಲ್ಲಿ ಉಳಿದ ಜೋಳ. ಕೊನೆಗೆ ಬಹಳ ಹೊತ್ತು ಸುಮ್ಮನೆ ಲಿಂಗವನ್ನೇ ನೋಡುತ್ತಾ ಕೂತಳು. ಆ ಸುಮ್ಮನಿರುವಿಕೆ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ, ನಾನು ಮತ್ತೆ ನಿದ್ದೆ ಹೋದೆ. ಜ್ವರದ ಆ ವಾರಗಳಲ್ಲಿ ಎಚ್ಚರವಾದಾಗಲೆಲ್ಲ ಅವಳು ಅಲ್ಲೇ ಇರುತ್ತಿದ್ದಳು. ಒಮ್ಮೆ ಅಳುತ್ತಿದ್ದಳು. ಒಮ್ಮೆ ಏನೂ ಮಾತಿಲ್ಲ. ಒಮ್ಮೆ, "ಇವತ್ತ ನನಗ ನಿನ್ನ ಮಾರಿ ನೋಡೂ ಮನಸ್ಸಿಲ್ಲ, ಆದ್ರೂ ಬಂದೇನಿ" ಅಂದದ್ದು ನನಗೆ ಈಗಲೂ ಕಿವಿಯಲ್ಲಿದೆ. ಮೈಯೆಲ್ಲ ಸಿಟ್ಟು ತುಂಬಿಕೊಂಡವಳು ಅಂಗೈ ಮಾತ್ರ ಅಲುಗಿಸದೆ ಹಿಡಿದಿದ್ದಳು. ಇವಳು ಇಷ್ಟು ಸಿಟ್ಟಿದ್ದರೆ ಎದ್ದು ಹೋಗಬಹುದಲ್ಲ ಅಂತ ಚಿಕ್ಕವನಿದ್ದಾಗ ಅನ್ನಿಸಿತ್ತು. ಎದ್ದು ಹೋಗಲಿಲ್ಲ. ಅದೇ ನನಗೆ ಇಷ್ಟು ವರ್ಷವಾದರೂ ಬಿಡದೆ ಕಾಡುವುದು. ಮಗ್ಗದ ಮುಂದೆ ಕೂತಾಗ, ಬಸ್ಸಿನಲ್ಲಿ, ಈಗ ನಿನಗೆ ಬರೆಯುವಾಗಲೂ ಆ ಬುಡ್ಡಿಯ ಬೆಳಕಿನ ಬೆನ್ನೇ ಕಾಣುತ್ತದೆ.

ನಾನು ಉಳಿದೆ. ಇಲ್ಲಿಗೇ ನಿಲ್ಲಿಸಿದರೆ ನಿನಗೆ ಧೈರ್ಯ ಬರುತ್ತದೆ, ಆದರೆ ಪೂರ್ತಿ ಹೇಳಬೇಕು. ಪಕ್ಕದ ಮನೆಯ ಹುಡುಗನಿಗೂ ಅದೇ ಜ್ವರ ಬಂದಿತ್ತು. ಅವನು ಉಳಿಯಲಿಲ್ಲ. ಅವನ ತಾಯಿಯೂ ಲಿಂಗ ಕಟ್ಟಿದವಳೇ, ಅವಳೂ ಬೇಡಿಕೊಂಡವಳೇ. ದೊಡ್ಡವನಾದ ಮೇಲೆ ನಾನೊಮ್ಮೆ ಆಯಿಗೆ, ನೀನು ಬೇಡಿಕೊಂಡಿದ್ದಕ್ಕೆ ನಾನು ಬದುಕಿದೆ ಅಲ್ವಾ ಅಂದೆ. ಅವಳ ಮುಖ ಗಡುಸಾಯಿತು. "ಹಂಗ ಅನಬ್ಯಾಡ. ಅಕಿನೂ ನನ್ನಷ್ಟ ಬೇಡ್ಯಾಳ" ಅಂದಳು. ಹಾಗಾದರೆ ಯಾಕೆ ಅಷ್ಟು ಮಾತಾಡುತ್ತಿದ್ದೆ ಅಂದರೆ, "ಮತ್ತ ಯಾರ ಮುಂದ ಹೇಳ್ಲಿ?" ಅಂದಳು.

ಇದನ್ನು ಈಗ ನಿನಗೆ ಬರೆಯಬಾರದೇನೋ. ಅರ್ಧಕ್ಕೆ ಪೆನ್ನು ಇಟ್ಟು ಎದ್ದು ಹೋಗಿ ಮತ್ತೆ ಬಂದು ಕೂತೆ. ನನ್ನ ಭಯ ಏನು ಗೊತ್ತಾ? ನಾಳೆ ಕೂಸಿನ ತೂಕ ಏರದಿದ್ದರೆ, ಉಸಿರಿನ ಮಷಿನ್ ಮತ್ತೆ ಹಾಕಬೇಕಾದರೆ, ನನಗೆ ಬೇಡಲು ಬರಲಿಲ್ಲ, ಅದಕ್ಕೇ ಹೀಗಾಯಿತು ಅಂತ ನೀನು ಅಂದುಕೊಳ್ಳುತ್ತೀ. ಚಿಕ್ಕಂದಿನಿಂದ ನಿನ್ನದು ಅದೇ ಸ್ವಭಾವ, ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳುವುದು. ದಯವಿಟ್ಟು ಹಾಗೆ ಅಂದುಕೊಳ್ಳಬೇಡ. ಅವಧಿಗೆ ಮುಂಚೆ ಹೆರಿಗೆಯಾದದ್ದು ನಿನ್ನ ರಕ್ತದೊತ್ತಡ ಏರಿದ್ದಕ್ಕೆ. ನೀನು ಮರೆತ ಪೂಜೆಗೆ ಅಲ್ಲ. ಯಾರಾದರೂ ನಂಟರು ಬಂದು ಕರ್ಮ, ಶಾಪ ಅಂತ ಶುರು ಮಾಡಿದರೆ ಅಳಿಯಂದಿರಿಗೆ ಹೇಳು, ಅವರನ್ನು ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಕಳಿಸಲಿ. ಶಿವ ಲೆಕ್ಕ ತೀರಿಸಿಕೊಳ್ಳಲು ಒಂದು ಕಿಲೋ ನೂರೈವತ್ತು ಗ್ರಾಂ ಕೂಸನ್ನು ಹಿಡಿಯುವವನಲ್ಲ. ಅಂಥ ಶಿವನನ್ನು ಆಯಿ ಅಂಗೈಯಲ್ಲಿ ಇಟ್ಟುಕೊಂಡಿರಲಿಲ್ಲ.

ನಿಮ್ಮವ್ವ ಬಾದಾಮಿ ಬನಶಂಕರಿಗೆ ಹರಕೆ ಹೊತ್ತಿದ್ದಾಳೆ. ಅದು ಅವಳಿಗೂ ಆ ತಾಯಿಗೂ ನಡುವಿನ ಮಾತು. ಅವಳಿಗೆ ಅದರಿಂದ ರಾತ್ರಿ ನಿದ್ದೆ ಬರುತ್ತದೆ, ನಾನು ಬೇಡ ಅನ್ನುವುದಿಲ್ಲ. ನೀನು ಮಾತ್ರ ವ್ಯಾಪಾರಕ್ಕೆ ಕೂರಬೇಡ. ಅದು ಕೊಟ್ಟರೆ ಇದು ಕೊಡುತ್ತೇನೆ ಅನ್ನಬೇಡ. ಬೇಕು ಅಂತ ನೇರ ಕೇಳು. ಕೂಸು ಬೇಕು, ಉಳಿಸಿಕೊಡು ಅಂತ ಕೇಳು. ಗರಜು ಬಿದ್ದಾಗ ಹೋಗಲು ನಾಚಿಕೆ ಅಂದೆಯಲ್ಲ, ನೀನು ಹಾಸ್ಟೆಲಿನಲ್ಲಿದ್ದಾಗ ದುಡ್ಡು ಬೇಕಾದಾಗ ಮಾತ್ರ ನನಗೆ ಫೋನ್ ಮಾಡುತ್ತಿದ್ದೆ. ಫೋನ್ ಬಂತಲ್ಲ ಅಂತ ನಾನು ಆ ದಿನವೆಲ್ಲ ಖುಷಿಯಾಗಿರುತ್ತಿದ್ದೆ.

ಹೇಗೆ ಕೂರಬೇಕು ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಹಾಲು ಹಿಂಡಿ ಕೊಟ್ಟ ಮೇಲೆ ಸ್ವಲ್ಪ ಬಿಡುವು ಇರುತ್ತದಂತೆ. ಆಗ ತಾಯಂದಿರ ಕೋಣೆಯಲ್ಲಿ ಒಂದು ಮೂಲೆ ಹಿಡಿ. ಕೈ ತೊಳೆದುಕೋ. ಕರಡಿಗೆ ಬಿಚ್ಚು. ಎಡ ಅಂಗೈಯಲ್ಲಿ ಇಟ್ಟುಕೋ, ಎರಡು ಹನಿ ನೀರು ಹಾಕು. ವಿಭೂತಿ ಇಲ್ಲದಿದ್ದರೆ ಇಲ್ಲ. ಹೂವು ಇಲ್ಲದಿದ್ದರೆ ಇಲ್ಲ. ಕಣ್ಣು ಮುಚ್ಚಬೇಡ, ನೋಡು. ನಮ್ಮಲ್ಲಿ ದೇವರನ್ನು ಕಣ್ಣು ತೆರೆದೇ ನೋಡುವುದು. ನಡುವೆ ಪೂಜಾರಿ ಇಲ್ಲ, ಗುಡಿ ಇಲ್ಲ, ನೀನು ಮತ್ತು ಆತ ಅಷ್ಟೇ. ನಮ್ಮ ಹಿರಿಯರು ಅದಕ್ಕಾಗಿಯೇ ಅಷ್ಟು ಕಷ್ಟಪಟ್ಟರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಇಂದು ಎಷ್ಟು ಹಾಲು ಕುಡಿಯಿತು, ಡಾಕ್ಟರು ಏನಂದರು, ನಿನಗೆ ಯಾವುದರ ಹೆದರಿಕೆ. ಆತನಿಗೆ ಗೊತ್ತಿರುವುದಿಲ್ಲವೇ ಅಂತ ಕೇಳಬೇಡ. ಗೊತ್ತಿದ್ದರೂ ಹೇಳು.

ಕರೆಯಲು ಒಂದು ಹೆಸರು ಇಟ್ಟುಕೋ. ಇದು ಬಹಳ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಶರಣರನ್ನು ನೋಡು, ಒಬ್ಬೊಬ್ಬರು ಒಂದೊಂದು ಹೆಸರು ಹಿಡಿದು ಕರೆದರು. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ, ಸತ್ಯಕ್ಕನಿಗೆ ಶಂಭುಜಕ್ಕೇಶ್ವರ. ಸೂಳೆ ಸಂಕವ್ವೆ ನಿರ್ಲಜ್ಜೇಶ್ವರಾ ಅಂತ ಕರೆದಳು. ನಾಚಿಕೆ ಅನ್ನುತ್ತೀಯಲ್ಲ, ಅವಳು ತನ್ನ ದೇವರಿಗೇ ಆ ಹೆಸರು ಇಟ್ಟಳು. ನಮ್ಮ ಕಸುಬಿನ ಜೇಡರ ದಾಸಿಮಯ್ಯ ರಾಮನಾಥಾ ಅಂದ. ನಾನೂ ಮಗ್ಗದಲ್ಲಿ ಲಾಳಿ ಓಡಿಸುವಾಗ ರಾಮನಾಥಾ ಅಂತಲೇ ಅನ್ನುವುದು. ದಾಸಿಮಯ್ಯನ ಊರು ಮುದನೂರಿಗೆ ಒಮ್ಮೆ ಹೋಗಿ ಬಂದ ಮೇಲೆ ಆ ಹೆಸರು ನಾಲಿಗೆ ಮೇಲೆ ಕೂತಿತು. ನಿನಗೆ ಯಾವ ಹೆಸರು ಬರುತ್ತದೋ ಅದು. ಆಯಿ ಯಾವ ಹೆಸರೂ ಹಿಡಿಯದೆ ಬರೀ "ಏ ಇವನ" ಅನ್ನುತ್ತಿದ್ದಳು.

ಮಾತು ಬಾರದ ದಿನ ಸುಮ್ನೆ ಕೂತು ಏಳು. ನೀನು ಮಗ್ಗದಲ್ಲಿ ಕೊಂಡಿ ಹಾಕುವುದನ್ನು ನೋಡುತ್ತಲೇ ಬೆಳೆದವಳು. ಸೀರೆಯ ಒಡಲಿನ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಒಂದೊಂದೇ ಎಳೆಯನ್ನು ಕೊಂಡಿಯಾಗಿ ಮಾಡಿ ಸೇರಿಸುತ್ತಾ ಹೋಗಬೇಕು, ಅವಸರ ಮಾಡಿದರೆ ಎಳೆ ಹರಿಯುತ್ತದೆ. ಬಿಟ್ಟುಹೋದ ಮಾತು ಕೂಡಿಸುವುದೂ ಹಾಗೆಯೇ. ಒಂದೇ ದಿನಕ್ಕೆ ಆಯಿಯ ಹಾಗೆ ಆಗಲು ಹೋಗಬೇಡ.

ಉಪದೇಶ ಜಾಸ್ತಿ ಆಯಿತು. ಕ್ಷಮಿಸು. ನಿನ್ನ ಹತ್ತಿರ ಇದ್ದಿದ್ದರೆ ಇಷ್ಟು ಮಾತಾಡುತ್ತಿರಲಿಲ್ಲ. ಗಂಡಸರನ್ನು ಒಳಗೆ ಬಿಡುವುದಿಲ್ಲ ಅಂತ ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ನಾನೂ ದಿನಾ ಕೂರುತ್ತೇನೆ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ, ಅದಕ್ಕೆ ನಿನ್ನ ಹೆಸರು ಹೇಳಿ, ಅವಳ ಕೂಸು ಅಂತ ಹೇಳುತ್ತೇನೆ. ಒಂದು ವೇಳೆ... ಇಲ್ಲ, ಅದನ್ನು ನಾನು ಬರೆಯಲಾರೆ. ಏನೇ ಬಂದರೂ ನಿನ್ನ ಜೊತೆ ನಾನಿದ್ದೇನೆ, ಆತನೂ ಇದ್ದಾನೆ. ಅಷ್ಟನ್ನು ನಾನು ನಂಬಿಯೇ ಬರೆಯುತ್ತಿದ್ದೇನೆ, ನಿನ್ನ ಸಮಾಧಾನಕ್ಕೆ ಅಂತ ಅಲ್ಲ.

ಶಿವದಾರ ಹಳೆಯದಾಗಿತ್ತು ಅಂತ ನಿಮ್ಮವ್ವ ಅಂದಳು, ಹೊಸದೊಂದು ಕಳಿಸಿದ್ದೇನೆ. ಚೀಲದಲ್ಲಿ ಅಂಟಿನ ಉಂಡಿ ಇದೆ, ದಿನಕ್ಕೊಂದು ತಪ್ಪದೆ ತಿನ್ನು, ಹಾಲು ಬರಬೇಕಲ್ಲ. ಆಸ್ಪತ್ರೆ ಬಿಲ್ಲಿನ ಚಿಂತೆ ನಿನಗೆ ಬೇಡ, ನಾನು ಅಳಿಯಂದಿರ ಹತ್ತಿರ ಮಾತಾಡಿದ್ದೇನೆ. ನಾಳೆ ಬೆಳಿಗ್ಗೆ ತೂಕ ನೋಡಿದ ಕೂಡಲೇ ಎಷ್ಟು ಅಂತ ಒಂದು ಮೆಸೇಜ್ ಹಾಕು. ಏರಿರಲಿ, ಇಳಿದಿರಲಿ, ಹಾಕು.

ನಿನ್ನ ಅಪ್ಪ
ಇಳಕಲ್