ಎಐಗೆ ಕೇಳೋ ಮುಂಚೆ ‘ಸೇಲ್ಸ್’ ಅಂದ್ರೆ ಏನು ಅಂತ ತೀರ್ಮಾನ ಮಾಡ್ಕೊಳ್ಳಿ

ಮಾನ್ಯ ಸಂಪಾದಕರೇ,

ಇನ್ಮೇಲೆ ಡೇಟಾ ಅನಲಿಸ್ಟ್‌ಗಳೇ ಬೇಡ, ಮ್ಯಾನೇಜರುಗಳು ಎಐಗೆ ಮಾಮೂಲಿ ಮಾತಲ್ಲಿ ಕೇಳಿದ್ರೆ ಸಾಕು ರಿಪೋರ್ಟ್ ಬಂದ್ಬಿಡತ್ತೆ ಅನ್ನೋದು ಈಗ ಎಲ್ಲಾ ಕಡೆ ಕೇಳ್ತಿದೀನಿ. ನಾನು ದಿನಾ ಎಸ್‌ಕ್ಯೂಎಲ್ (ಡೇಟಾಬೇಸಿಂದ ಮಾಹಿತಿ ತೆಗೆಯೋ ಭಾಷೆ) ಬರೆದು ಹೊಟ್ಟೆ ಹೊರ್ಕೊಳ್ಳೋನು, ಹಾಗಾಗಿ ಇದನ್ನ ಹೊಟ್ಟೆಕಿಚ್ಚು ಅಂತ ಬೇಕಾದ್ರೆ ಅಂದ್ಕೊಳ್ಳಿ.

ಹಿಂದೆ ನಾನಿದ್ದ ಕಂಪನೀಲಿ ಡೇಟಾಬೇಸ್‌ಗೆ ಸೀದಾ ಒಂದು ಎಐ ಬಾಟ್ ಜೋಡಿಸಿದ್ರು. ಮೊದಲ್ನೇ ಮೀಟಿಂಗಲ್ಲೇ ‘ಹೋದ ತಿಂಗಳು ಸೇಲ್ಸ್ ಎಷ್ಟು’ ಅಂತ ಟೈಪ್ ಮಾಡಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಉತ್ತರ ಬಂತು, ಗ್ರಾಫ್ ಸಮೇತ, ಎಲ್ಲರಿಗೂ ಖುಷಿ, ಸೇಲ್ಸ್‌ನವರಿಗಂತೂ ಇನ್ನೂ ಖುಷಿ ಯಾಕಂದ್ರೆ ಅಕೌಂಟ್ಸ್ ಲೆಕ್ಕಕ್ಕಿಂತ ಹೆಚ್ಚುಕಮ್ಮಿ ಡಬಲ್ ಇತ್ತು! ಆಮೇಲೆ ಕೂತು ಬಾಟ್ ಬರೆದ ಕ್ವೆರಿ, ಅಂದ್ರೆ ಡೇಟಾಬೇಸ್‌ಗೆ ಕೇಳಿದ ಎಸ್‌ಕ್ಯೂಎಲ್ ಪ್ರಶ್ನೆ, ನೋಡಿದೆ. ಆರ್ಡರ್ ಟೇಬಲನ್ನ ಶಿಪ್‌ಮೆಂಟ್ ಟೇಬಲ್ ಜೊತೆ ಜಾಯಿನ್ ಮಾಡಿತ್ತು, ಅಂದ್ರೆ ಎರಡರ ಸಾಲುಗಳನ್ನ ಒಂದಕ್ಕೊಂದು ಜೋಡಿಸಿತ್ತು. ಒಂದು ಆರ್ಡರ್ 3 ಬಾಕ್ಸಲ್ಲಿ ಹೋಗಿದ್ರೆ ಶಿಪ್‌ಮೆಂಟಲ್ಲಿ 3 ಸಾಲು, ಜಾಯಿನ್ ಆದಾಗ ಆರ್ಡರಿನ ಮೊತ್ತನೂ 3 ಸಲ ಬಂದು ಕೂತ್ಕೊಳ್ಳತ್ತೆ, ಮೇಲೆ ಒಂದು ಸಮ್ ಹಾಕಿದ್ರೆ ಮುಗೀತು ಕಥೆ. ಎರರ್ ಏನೂ ಬರಲ್ಲ. ಸಾಲದ್ದಕ್ಕೆ ಕ್ಯಾನ್ಸಲ್ ಆದ ಆರ್ಡರ್‌ಗಳೂ ಸೇರಿದ್ವು, ಸ್ಟೇಟಸ್ ಕಾಲಮ್ಮಲ್ಲಿ 9 ಅಂದ್ರೆ ಕ್ಯಾನ್ಸಲ್ ಅನ್ನೋದು ಹಳೇ ಡೆವಲಪರ್‌ಗಳಿಬ್ಬರ ತಲೇಲಿ ಮಾತ್ರ ಇತ್ತು, ಪಾಪ ಬಾಟ್‌ಗೆ ಹೇಗೆ ಗೊತ್ತಾಗ್ಬೇಕು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಹಾಗೆ ನಾವೂ ಸ್ಲೈಡ್‌ಗೆ ಹಾಕ್ಬಿಟ್ಟಿದ್ವಿ.

ಸೆಮ್ಯಾಂಟಿಕ್ ಲೇಯರ್, ಅಂದ್ರೆ ಡೇಟಾಬೇಸ್‌ಗೂ ಕೇಳೋರಿಗೂ ಮಧ್ಯ ಪದಗಳ ಅರ್ಥ ಬರೆದಿಟ್ಟ ಪದರ, ಬೇಕಾಗೋದು ಇಲ್ಲೇ. ಹೊಸದೇನಲ್ಲ, 1990ರ ದಶಕದಲ್ಲೇ ಬಿಸಿನೆಸ್ ಆಬ್ಜೆಕ್ಟ್ಸ್ ಅನ್ನೋ ಸಾಫ್ಟ್‌ವೇರ್ ಕಂಪನಿಯವರು ‘ಯೂನಿವರ್ಸ್’ ಅಂತ ಇದನ್ನೇ ಮಾರ್ತಿದ್ರು, 2023ರಲ್ಲಿ ಮೈಕ್ರೋಸಾಫ್ಟ್ ತನ್ನ ರಿಪೋರ್ಟ್ ಟೂಲ್ ಪವರ್ ಬಿಐನ ಡೇಟಾಸೆಟ್‌ಗೆ ಸೆಮ್ಯಾಂಟಿಕ್ ಮಾಡೆಲ್ ಅಂತ ಹೆಸರೇ ಬದಲಾಯಿಸ್ತು. ನೆಟ್ ಸೇಲ್ಸ್ ಅಂದ್ರೆ ಯಾವ ಟೇಬಲ್, ಏನೇನು ಕಳೀಬೇಕು, ಯಾವ ತಾರೀಖು ಹಿಡೀಬೇಕು ಅಂತ ಒಂದೇ ಕಡೆ ಬರೆದಿಡೋದು, ಅಷ್ಟೇ. ಆಗ ಎಐ ಕೆಲಸ ಮೆಟ್ರಿಕ್ (ನೆಟ್ ಸೇಲ್ಸ್ ಥರದ ಲೆಕ್ಕ) ಯಾವ್ದು, ಅವಧಿ ಯಾವ್ದು ಅಂತ ಆರಿಸೋದು ಮಾತ್ರ, ಎಸ್‌ಕ್ಯೂಎಲ್ಲನ್ನ ಆ ಲೇಯರ್ರೇ ಕಟ್ಟತ್ತೆ, ಜಾಯಿನ್ ಎಡವಟ್ಟಿಗೆ ಜಾಗ ಕಮ್ಮಿ. 2023ರಲ್ಲಿ ಡೇಟಾ ಡಾಟ್ ವರ್ಲ್ಡ್ ಅನ್ನೋ ಕಂಪನಿಯವರು ಇನ್ಶೂರೆನ್ಸ್ ಡೇಟಾದ ಮೇಲೆ ಟೆಸ್ಟ್ ಮಾಡಿದಾಗ ಜಿಪಿಟಿ-4 ಸೀದಾ ಎಸ್‌ಕ್ಯೂಎಲ್ ಬರೆದ್ರೆ ಶೇ 16ರಷ್ಟು ಸರಿ, ಮಧ್ಯ ನಾಲೆಜ್ ಗ್ರಾಫ್ (ಯಾವ್ದಕ್ಕೆ ಏನರ್ಥ, ಯಾವ್ದಕ್ಕೆ ಯಾವ್ದು ಸಂಬಂಧ ಅಂತ ಬರೆದಿಟ್ಟ ನಕ್ಷೆ, ಇದೂ ಅದೇ ಥರದ ಪದರ) ಇಟ್ರೆ ಶೇ 54. ನಾಲೆಜ್ ಗ್ರಾಫ್ ಮಾರೋರೇ ಮಾಡಿದ ಟೆಸ್ಟ್ ಅನ್ನೋದು ನೆನಪಿರ್ಲಿ, ಮತ್ತೆ 54 ಅಂದ್ರೂ ಹತ್ರಹತ್ರ ಅರ್ಧ ತಪ್ಪೇ.

ನಿಜವಾದ ತಲೆನೋವು ಟೂಲ್ ಅಲ್ಲ ಸ್ವಾಮಿ. ಆಮೇಲೆ ನಾವೂ ಲೇಯರ್ ಕಟ್ಟೋಕೆ ಕೂತಾಗ ‘ಆಕ್ಟಿವ್ ಕಸ್ಟಮರ್’ ಅನ್ನೋ ಒಂದು ಪದಕ್ಕೆ ನಮ್ಮಲ್ಲಿ ನಾಲ್ಕು ಮೀಟಿಂಗ್ ಆಯ್ತು, ಮಾರ್ಕೆಟಿಂಗ್‌ನವರಿಗೆ 90 ದಿನದಲ್ಲಿ ಲಾಗಿನ್ ಆದೋರು, ಫೈನಾನ್ಸ್‌ನವರಿಗೆ ದುಡ್ಡು ಕೊಟ್ಟೋರು, ಇಬ್ಬರೂ ಬಿಡಲ್ಲ, ಕೊನೆಗೆ ಎರಡು ಬೇರೆ ಹೆಸರಿಟ್ಟು ಎರಡನ್ನೂ ಲೇಯರ್‌ಗೆ ಹಾಕಿದ್ವಿ. ಆಮೇಲಿಂದ ಬರೀ ಆಕ್ಟಿವ್ ಕಸ್ಟಮರ್ ಎಷ್ಟು ಅಂತ ಕೇಳಿದ್ರೆ ಬಾಟ್ ಯಾವ್ದು ಬೇಕು ಅಂತ ವಾಪಸ್ ಕೇಳ್ತಿತ್ತು. ಮೊದಲಿನಷ್ಟು ಫಾಸ್ಟ್ ಇಲ್ಲ ಇದು ಅಂತ ಅದಕ್ಕೂ ಕಂಪ್ಲೇಂಟ್ ಬಂತು.

ಇತಿ,
ಒಬ್ಬ ಡೇಟಾ ಅನಲಿಸ್ಟ್